ಸಿನೆಮಾದ ಮಾತು ಕಟ್ಟಿ ಮ್ಯಾಲ ಇರಲಿ, ಕಂಬದ ಮ್ಯಾಲ ಬ್ಯಾಡ

ಈಚೆಗೆ ಒಂದು ಸಂಜೆ ನಮ್ಮೂರ ಚಹಾದಂಗಡಿ ಮುಂದೆ ಹುಡುಗರು ಎರಡು ಪಾರ್ಟಿ ಮಾಡಿಕೊಂಡು ಜಗಳಕ್ಕೆ ನಿಂತಿದ್ದರು. ಬದುವಿನ ಜಗಳ ಇರಬೇಕು, ಇಲ್ಲಾ ಎತ್ತು ಬೆಳಿ ಮೇಯ್ದಿರಬೇಕು ಅಂತ ತಿಳಿದು ಬಿಡಿಸಲಿಕ್ಕೆ ಹೋದೆ. ನೋಡಿದರೆ ಅದು ಸಿನೆಮಾದ ಜಗಳ. ಅದೂ ಇನ್ನೂ ತೆರೆಗೆ ಬಾರದ ಸಿನೆಮಾ. ಒಬ್ಬ "ನಮ್ಮ ಬಾಸಂದು ಸಾವಿರ ಕೋಟಿ ಮಾಡತೈತಿ" ಅಂತಾನೆ. ಇನ್ನೊಬ್ಬ "ನಿಮ್ಮಂದು ಮೂರು ದಿನ ಓಡಂಗಿಲ್ಲ" ಅಂತಾನೆ. "ತಮ್ಮಾ, ನಿಮ್ಮೊಳಗ ಯಾರಾರ ಆ ಸಿನೆಮಾ ನೋಡೀರೇನು?" ಎಂದು ಕೇಳಿದೆ. "ನೋಡೋದೇನೈತಿ ಕಾಕಾ, ಬಾಸ್ ಅದಾನಂದ್ರ ಮುಗೀತು" ಅಂದ ಒಬ್ಬ.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಬೀಜದ ಪಾಕೀಟಿನ ಮ್ಯಾಲ ಹತ್ತಿ ಕಾಯಿ ತೆಂಗಿನಕಾಯಿ ಗಾತ್ರ ತೆಗೆದಿರುತ್ತಾರೆ. ಅದನ್ನು ನೋಡಿ ಯಾವ ಒಕ್ಕಲಿಗನೂ ಎಕರೆಗೆ ಇಷ್ಟು ಕ್ವಿಂಟಲ್ ಬಂತು ಅಂತ ಹೇಳುವುದಿಲ್ಲ. ಬಿತ್ತಿ, ಬಿಡಿಸಿ, ತೂಗಿಸಿ ಆಮೇಲೆ ಬಾಯಿ ತೆರೀತಾನೆ. ಸಿನೆಮಾದ ವಿಷಯಕ್ಕೆ ಬಂದರೆ ಮಾತ್ರ ನಮ್ಮ ಮಕ್ಕಳು ಪಾಕೀಟಿನ ಚಿತ್ರ ನೋಡಿಯೇ ರಾಶಿ ಮಾಡಿಬಿಡುತ್ತಾರೆ.

ಕೃಷಿ ಪತ್ರಿಕೆಯಲ್ಲಿ ಸಿನೆಮಾದ ಮಾತು ಯಾಕೆ ಎಂದು ಓದುಗರು ಕೇಳಬಹುದು. ನಮ್ಮ ಲಕ್ಷ್ಮೇಶ್ವರ ತಾಲ್ಲೂಕಿನಲ್ಲಿ ಇದು ಒಮ್ಮೆ ಮೂರು ಜೀವ ತಿಂದಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇತ್ತೆ. ತಪ್ಪಿದ್ದರೆ ತಿದ್ದಿಕೊಳ್ಳಬೇಕು.

ನಾವೂ ಸಿನೆಮಾ ನೋಡಿದವರೇ

ನಾನು ಸಿನೆಮಾ ಬ್ಯಾಡ ಅನ್ನುವವನಲ್ಲ. ಜಾತ್ರೆಗೆ ಬಂದ ಟೂರಿಂಗ್ ಟಾಕೀಸಿನಲ್ಲಿ ನೆಲದ ಮ್ಯಾಲ ಕುಂತು 'ಬಂಗಾರದ ಮನುಷ್ಯ' ನೋಡಿದವನು. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ರಾಜಕುಮಾರ್ ಅವರ ಅಭಿನಯ. 1972ರಲ್ಲಿ ಬಂದ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ನಮ್ಮ ಕಡೆ ಡಬ್ಬಿ ಬರುವ ಹೊತ್ತಿಗೆ ಹಳೇದಾಗಿತ್ತು. ಆದರೂ ಮಂದಿ ಗಾಡಿ ಕಟ್ಟಿಕೊಂಡು ಹೋದರು.

ಅದನ್ನು ನೋಡಿ ಬಂದ ಮೇಲೆ ನಮ್ಮ ಹಿರಿಯರು ಎಂಟು ದಿನ ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಅದನ್ನೇ ಮಾತಾಡಿದರು. ಒಬ್ಬರು "ದುಡಿದರ ಕಲ್ಲು ಭೂಮಿನೂ ಬಂಗಾರ ಆಗತೈತಿ" ಅಂದರು. ಇನ್ನೊಬ್ಬ ಹಿರಿಯರು "ದುಡಿತ ಖರೆ, ಆದರ ಆ ಭೂಮಿಯೊಳಗ ನೀರಿತ್ತು, ನಮ್ಮದರಾಗ ಐತೇನು?" ಎಂದು ಕೇಳಿದರು. ನಮ್ಮ ಚಿಕ್ಕಪ್ಪ ಹುರುಪಿನಲ್ಲಿ ಭಾವಿ ತೋಡಿಸಿದ. ನಲವತ್ತು ಅಡಿಗೆ ಬಂಡೆ ಹತ್ತಿತು, ನೀರು ಬರಲಿಲ್ಲ. ಸಾಲ ತೀರಿಸಲಿಕ್ಕೆ ಐದು ವರ್ಷ ಹಿಡೀತು. ಹಂಗಂತ ಅವನು ರಾಜಕುಮಾರ್ ಅವರನ್ನು ಬೈಯಲಿಲ್ಲ. "ಸಿನೆಮಾ ಚಲೋ ಇತ್ತು, ನಾನು ನೆಲ ನೋಡಲಿಲ್ಲ" ಅಂತ ಕಡೀತನಕ ಹೇಳುತ್ತಿದ್ದ. ಅಭಿಮಾನ ಅಂದರೆ ನನಗೆ ಆ ಮಾತೇ ನೆನಪಾಗುತ್ತದೆ. ಅವನು ಹೊಗಳಿದ, ಯಾವುದು ತನಗೆ ಹೊಂದಲಿಲ್ಲ ಅನ್ನೋದನ್ನೂ ತಿಳಿದುಕೊಂಡ.

1995ರಲ್ಲಿ ಚಿಂದೋಡಿ ಬಂಗಾರೇಶ್ ಅವರು 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರ ಮಾಡಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ ಗವಾಯಿಗಳ ಕಥೆ. ಹಂಸಲೇಖ ಅವರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡಿಕೆಗೂ ರಾಷ್ಟ್ರಪ್ರಶಸ್ತಿ ಬಂತು. ಆಗ ಆಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಇದ್ದರು. ಆಶ್ರಮವನ್ನು ಕಣ್ಣಾರೆ ಕಂಡ ನಮ್ಮ ಮಂದಿ, ಇದು ಬರೋಬರಿ ಐತಿ, ಇದು ಸಿನೆಮಾದವರು ಸೇರಿಸಿದ್ದು ಅಂತ ಬಿಡಿಸಿ ಬಿಡಿಸಿ ಮಾತಾಡಿದರು. ಆ ಮಾತಿಗೆ ತೂಕ ಇತ್ತು. ಕಾರಣ, ಅದು ನಮಗೆ ಗೊತ್ತಿದ್ದ ವಿಷಯ.

ಈಗಿನ ಸಿನೆಮಾದ ಬಗ್ಗೆ ನಮ್ಮ ಮಾತೆಲ್ಲಿ?

ಈಗ ನೋಡಿರಿ. 2023ರ ಡಿಸೆಂಬರ್ 29ಕ್ಕೆ 'ಕಾಟೇರ' ಬಂತು. ಉಳುವವನೇ ಹೊಲದೊಡೆಯ ಅನ್ನೋ ಕಾಯಿದೆಯ ಕಾಲದ ಕಥೆ. ಮಗನ ಸಂಗಡ ನಾನೂ ಹೋಗಿದ್ದೆ. ಗೇಣಿದಾರರು ಒಡೆಯರ ಮುಂದೆ ತಲಿ ತಗ್ಗಿಸಿ ನಿಲ್ಲೋದನ್ನು ಚಂದ ತೋರಿಸಿದ್ದಾರೆ. ನೋಡಿ ಕಣ್ಣಲ್ಲಿ ನೀರು ಬಂತು. ಆದರೆ ಸಿನೆಮಾದಾಗ ಹೊಲ ಸಿಗೋ ಮುಂದ ಹೊಡೆದಾಟ ಭಾಳ. ನಮ್ಮಪ್ಪನಿಗೆ ಮೂರು ಎಕರೆ ಗೇಣಿ ಹೊಲ ಬಂದದ್ದು ಹೊಡೆದಾಟದಿಂದಲ್ಲ, 7ನೇ ನಮೂನೆ ಅರ್ಜಿಯಿಂದ. 1974ರ ಮಾರ್ಚ್ 1ರಿಂದ ಆ ತಿದ್ದುಪಡಿ ಜಾರಿಗೆ ಬಂತು. ಆಮೇಲೆ ನಮ್ಮಪ್ಪ ರೊಟ್ಟಿಗಂಟು ಕಟ್ಟಿಕೊಂಡು ಭೂ ನ್ಯಾಯಮಂಡಳಿಗೆ ಎಷ್ಟು ಸಲ ನಡೆದನೋ ಲೆಕ್ಕ ಇಟ್ಟವರಿಲ್ಲ. ಇನ್ನೊಂದು, ಪಹಣಿಯಲ್ಲಿ ಹೆಸರು ಬಂದ ಮೇಲೂ ಮಳಿ ಕೇಳಬೇಕು, ಧಾರಣಿ ಕೇಳಬೇಕು. ಆ ಕಥೆಯನ್ನು ಇನ್ನೂ ಯಾರಾದರೂ ತೆಗೆಯಬೇಕಾಗಿದೆ. ಇದನ್ನೆಲ್ಲ ಮಗನಿಗೆ ಬರೋ ದಾರಿಯಲ್ಲಿ ಬಸ್ಸಿನಾಗ ಹೇಳಿದೆ. ಅಪ್ಪ ಇದ್ದಾಗ ಇದೆಲ್ಲ ಕೇಳಲೇ ಇಲ್ಲ ಅಂತ ಅವನು ಪೇಚಾಡಿಕೊಂಡ. ಕೊಟ್ಟ ಟಿಕೆಟಿನ ದುಡ್ಡು ಅಲ್ಲಿಗೆ ವಸೂಲಾಯಿತು ಅಂತ ನಾನು ತಿಳಿದೆ.

ಅದಕ್ಕೂ ಮೊದಲು 2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂದಿತ್ತು. ಕರಾವಳಿ ಕಡೆಯ ಕಥೆ, ಮಾತೂ ಅಲ್ಲಿಯದು. ಆದರೂ ಕಾಡಂಚಿನ ಮಂದಿಗೂ ಅರಣ್ಯ ಇಲಾಖೆಗೂ ನಡುವಿನ ತಿಕ್ಕಾಟ ನಮಗೆ ಹೊಸದಲ್ಲ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮ ಆಯಿತು, ಸುಮಾರು 244 ಚದರ ಕಿಲೋಮೀಟರ್. ಗಣಿಯಿಂದ ಗುಡ್ಡ ಉಳಿಯಬೇಕು ಅಂತ ಕೂಗಿದವರಲ್ಲಿ ನಾವೂ ಇದ್ದೆವು. ಆದರೆ ಗುಡ್ಡದ ಬುಡದ ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ದನ ಕುರಿ ಮೇಯಿಸುವವರಿಗೆ ಅವರದೇ ಒಂದು ಪ್ರಶ್ನೆ ಇದೆ. ಕಾಂತಾರ ಆ ಪ್ರಶ್ನೆ ಎತ್ತಿತು. ಅದೇ ತಂಡದ 'ಕಾಂತಾರ ಅಧ್ಯಾಯ 1' ಮೂರು ವರ್ಷದ ಮೇಲೆ, 2025ರ ಅಕ್ಟೋಬರ್ 2ರಂದು ಬಂತು. ಅದರೊಳಗ ರಾಜರ ಕಾಲ, ಯುದ್ಧ, ದೊಡ್ಡ ದೊಡ್ಡ ಸೆಟ್ಟು. ಕಣ್ಣಿಗೆ ಹಬ್ಬ. ಆದರೆ ನನಗೆ ಮೊದಲಿನದೇ ನಮ್ಮ ಹೊಲದ ಸನೇಕ ಇತ್ತು ಅನಿಸಿತು. ಇದು ನನ್ನ ಮಾತು. ನಿಮ್ಮದು ಬೇರೆ ಇರಬಹುದು, ಇರಲಿ.

ಹೀಗೆ ಮಾತಾಡಲು ಹೋದರೆ ಹುಡುಗರು "ನೀವು ಆ ಕಡೆ ಅಭಿಮಾನಿನೋ, ಈ ಕಡೆ ಅಭಿಮಾನಿನೋ?" ಎಂದು ಕೇಳುತ್ತಾರೆ. ಎರಡು ಕಡೆಯೂ ಅಲ್ಲಪ್ಪ, ರೊಕ್ಕ ಕೊಟ್ಟು ನೋಡಿದವನು ನಾನು.

ಸೂರಣಗಿಯಲ್ಲಿ ಆದದ್ದು

2024ರ ಜನವರಿ 8 ನಟ ಯಶ್ ಅವರ ಹುಟ್ಟುಹಬ್ಬ. ಅದರ ಹಿಂದಿನ ರಾತ್ರಿ ನಮ್ಮ ತಾಲ್ಲೂಕಿನ ಸೂರಣಗಿಯಲ್ಲಿ ಹುಡುಗರು ಸೇರಿ ಅವರ ದೊಡ್ಡ ಕಟೌಟ್ ನಿಲ್ಲಿಸುತ್ತಿದ್ದರು. ಅದರ ಲೋಹದ ಚೌಕಟ್ಟು ಮೇಲಿನ ವಿದ್ಯುತ್ ತಂತಿಗೆ ತಾಗಿತು. ಮೂವರು ಅಲ್ಲೇ ತೀರಿಹೋದರು, ಇನ್ನೂ ಮೂವರು ಗಾಯಗೊಂಡರು. ಹೋದವರೆಲ್ಲ ಇಪ್ಪತ್ತರ ಆಚೀಚಿನವರು.

ಅವತ್ತು ಹೊಸ ಸಿನೆಮಾ ಸೈತ ಇರಲಿಲ್ಲ. 'ಕೆಜಿಎಫ್ 2' ಬಂದು, ಅಂದರೆ 2022ರ ಏಪ್ರಿಲ್‌ನಿಂದ, ಒಂದೂಮುಕ್ಕಾಲು ವರ್ಷ ಆಗಿತ್ತು. ಮುಂದಿನ ಚಿತ್ರ 'ಟಾಕ್ಸಿಕ್' ಅಂತ 2023ರ ಡಿಸೆಂಬರಿನಲ್ಲಿ ಬರೀ ಹೆಸರು ಹೇಳಿದ್ದರು. ಮೊದಲು 2025ರ ಏಪ್ರಿಲ್ 10ಕ್ಕೆ ಅಂದಿದ್ದ ಆ ಚಿತ್ರ ಆ ದಿನಕ್ಕೆ ಬರಲೂ ಇಲ್ಲ. ಹೆಸರು ಕೇಳಿ ಒಂದೇ ತಿಂಗಳಾಗಿದ್ದ ಸಿನೆಮಾದ ಹುರುಪಿನಲ್ಲಿದ್ದ ಹುಡುಗರು ಹೋದರು.

ಆ ವರ್ಷ ಎಂಥಾದ್ದು ಅಂತ ನೆನಪಿದೆಯಲ್ಲ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರಕಾರವೇ ಹೇಳಿತ್ತು. ನನ್ನ ಕಡಲಿ ಗೇಣುದ್ದ ಬೆಳೆದು ನಿಂತಿತ್ತು. ಎಳ್ಳಮಾಸಿಗೆ ಮೂರೇ ದಿನ ಇತ್ತು. ಚರಗ ಚೆಲ್ಲಲಿಕ್ಕೆ ಹೊಲಕ್ಕೆ ಹೋಗಬೇಕಾದ ಹೊತ್ತಿನಲ್ಲಿ ಮೂರು ಮನೆಯವರು ಮಕ್ಕಳನ್ನು ಹೊತ್ತುಕೊಂಡು ಹೋದರು. ಆ ಎಳ್ಳಮಾಸಿಗೆ ನನ್ನ ಹೊಲದಾಗ ಊಟಕ್ಕೆ ಕುಂತರೂ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಯಶ್ ಅವರು ಅದೇ ದಿನ ಸೂರಣಗಿಗೆ ಬಂದು ಆ ಮನೆಯವರನ್ನು ಕಂಡರು. ಇಂಥ ಅಭಿಮಾನ ತಮಗೆ ಬೇಡ ಎಂದರು. ಮುಂದಿನ ಹುಟ್ಟುಹಬ್ಬಕ್ಕೆ ಮೊದಲೇ ಅಭಿಮಾನಿಗಳಿಗೆ ಸುರಕ್ಷಿತವಾಗಿರಿ ಎಂದು ಬರೆದು ಕೇಳಿಕೊಂಡರು. ನಟನೇ ಬೇಡ ಅಂದ ಮೇಲೆ ಮತ್ತೆ ಕಟ್ಟುವುದು ಯಾರಿಗಾಗಿ?

ಸತ್ತ ಮಕ್ಕಳನ್ನು ನಾನು ಬೈಯುವುದಿಲ್ಲ. ಹಗಲೆಲ್ಲ ದುಡಿದು ರಾತ್ರಿ ಒಂದು ಸಂತೋಷಕ್ಕೆ ಕೂಡಿದವರು ಅವರು. ನಮ್ಮೂರುಗಳಲ್ಲಿ ಹುಡುಗರಿಗೆ ಬೇರೆ ಏನಿದೆ? ವಾಚನಾಲಯಕ್ಕೆ ಕೀಲಿ, ಗರಡಿಮನಿ ಬಿದ್ದು ಹೋಗಿದೆ, ಹಿರಿಯರಾದ ನಾವು ಅವರ ಜೊತೆ ಕುಂತು ಮಾತಾಡುವುದು ಬಿಟ್ಟೇವಿ. ನಾವು ಕೇಳಿಸಿಕೊಳ್ಳಲಿಲ್ಲ ಅಂದರೆ ಅವರು ತಮ್ಮ ಮಾತನ್ನು ಕಟೌಟ್ ಮಾಡಿ ನಿಲ್ಲಿಸುತ್ತಾರೆ. ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ತಂತಿಯ ಗುಣ ರೈತನಿಗೆ ಗೊತ್ತು

ಕರೆಂಟಿನ ಜೊತೆ ದಿನಾ ಬಾಳುವವರು ನಾವು. ಒಮ್ಮೆ ಮಗ್ಗಲ ಹೊಲದಲ್ಲಿ ಬೋರಿನ ಪೈಪು ಎತ್ತುವಾಗ ಅದು ವಾಲಿ ತಂತಿಯ ಹತ್ತಿರ ಹೋಗಿತ್ತು. ಒಬ್ಬ ಹಿರಿಯರು ಕೂಗಿದ್ದಕ್ಕೆ ನಾವು ನಾಕು ಮಂದಿ ಉಳಿದೆವು. ಈ ಅನುಭವವನ್ನು ಕಟೌಟ್ ಕಟ್ಟುವ ಹುಡುಗರಿಗೆ ಹೇಳಬೇಕಾದವರು ನಾವೇ.

ಮೇಲಿನ ತಂತಿಗೆ ಹೊದಿಕೆ ಇರುವುದಿಲ್ಲ. 11 ಕೆ.ವಿ. ಲೈನನ್ನು ಮುಟ್ಟಲೇಬೇಕೆಂದಿಲ್ಲ, ತೀರ ಸಮೀಪ ಹೋದರೂ ಕರೆಂಟು ಹಾರಿ ಹಿಡಿಯುತ್ತದೆ. ಚೌಕಟ್ಟು ಕಬ್ಬಿಣದ್ದಾದರೆ ಅದನ್ನು ಹಿಡಿದ ಕೈಗಳಿಗೆಲ್ಲ ಒಂದೇ ಗತಿ. ಚಳಿಗಾಲದ ರಾತ್ರಿ ಇಬ್ಬನಿ ಬಿದ್ದರೆ ಕಟಗಿ, ಹಗ್ಗ, ಬಟ್ಟೆ ಎಲ್ಲ ತೇವ. ಅವೂ ಕರೆಂಟು ಹರಿಸುತ್ತವೆ. ದೊಡ್ಡ ಬ್ಯಾನರಿಗೆ ಗಾಳಿ ತುಂಬಿದರೆ ಹತ್ತು ಮಂದಿ ಹಿಡಿದರೂ ನಿಲ್ಲದು. ಯಾರಿಗಾದರೂ ಹಿಡಿದರೆ ಓಡಿ ಹೋಗಿ ಎಳೆಯಬಾರದು. ಮನೆಯ ಕರೆಂಟಾದರೆ ಮೊದಲು ಮೇನ್ ತೆಗೆಯಬೇಕು. ಅದು ಆಗದಿದ್ದರೆ ಒಣ ಕಟಗಿಯಿಂದ ಸರಿಸಬಹುದು. ದೊಡ್ಡ ಲೈನಿಗೆ ಒಣ ಕಟಗಿಯೂ ನಂಬಿಗಸ್ತ ಅಲ್ಲ. ದೂರ ನಿಂತು ಲೈನ್‌ಮನ್‌ಗೆ, ಇಲ್ಲ ಹೆಸ್ಕಾಂನ 1912ಕ್ಕೆ ಫೋನ್ ಹಚ್ಚಿ ಲೈನ್ ತೆಗೆಸಬೇಕು. ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಲ್ಲೇ ರಾಜ್ಯದಲ್ಲಿ ನಿಷೇಧ ಬಂದದ್ದೂ ನೆನಪಿರಲಿ.

ನಾನು ಕೇಳುವುದು ಇಷ್ಟೆ

ಊರಿನ ಹಿರಿಯರು, ಪಂಚಾಯತಿಯವರು ಕುಂತು ಒಂದು ಕಟ್ಟಳೆ ಮಾಡಲಿ. ತಂತಿ ಹಾದುಹೋದ ಕಡೆ, ರಾತ್ರಿ ಹೊತ್ತು, ಯಾರ ಕಟೌಟೂ ನಿಲ್ಲಬಾರದು. ನಟರದ್ದಿರಲಿ, ಪುಢಾರಿಗಳದ್ದಿರಲಿ, ಜಾತ್ರೆಯದ್ದಿರಲಿ, ಒಂದೇ ಕಟ್ಟಳೆ. ಪುಢಾರಿಯದಕ್ಕೆ ಸುಮ್ಮನಿದ್ದು ಹುಡುಗರದನ್ನು ಮಾತ್ರ ತಡೆದರೆ ಯಾರೂ ಕೇಳುವುದಿಲ್ಲ.

ಹುಡುಗರಿಗೆ ಹೇಳುವುದು ಬೇರೆ. ಸಿನೆಮಾ ನೋಡಿರಿ, ಅಭಿಮಾನ ಇಡಿರಿ. ಬ್ಯಾನರಿಗೆ ಕೂಡಿಸುವ ಪಟ್ಟಿ ರೊಕ್ಕದಾಗ ಒಂದು ಟಂಟಂ ಮಾಡಿಕೊಂಡು ಲಕ್ಷ್ಮೇಶ್ವರಕ್ಕೋ ಗದಗಕ್ಕೋ ಹೋಗಿ ಕೂಡಿ ನೋಡಿ ಬನ್ನಿರಿ. ಬಂದ ಮೇಲೆ ಕಟ್ಟಿ ಮ್ಯಾಲ ಕುಂತು ಮೂರು ಮಾತು ಹೇಳಿರಿ. ಏನು ಚಲೋ ಇತ್ತು, ಏನು ಕೆಟ್ಟಿತ್ತು, ನಮ್ಮ ನೆಲಕ್ಕೆ ಯಾವುದು ಹೊಂದಲಿಲ್ಲ. ನಿಮ್ಮ ಬಾಸ್ ನಟನೆ ಕೆಟ್ಟಿದ್ದರೆ ಕೆಟ್ಟಿದೆ ಅನ್ನಿರಿ, ಬ್ಯಾರೆಯವರದು ಚಲೋ ಇದ್ದರೆ ಚಲೋ ಅನ್ನಿರಿ. ತೂಗಿ ಕೊಳ್ಳುವ ಗಿರಾಕಿ ಮುಂದ ಇದ್ದರೆ ಬೆಳೆಯುವವನೂ ಎಚ್ಚರದಿಂದ ಬೆಳೀತಾನ. ನೋಡದೇ ಹೊಗಳುವ ಮಂದಿ ಇದ್ದರೆ ಸಿನೆಮಾ ಮಾಡುವವರೂ ಪಾಕೀಟಿನ ಚಿತ್ರಕ್ಕೇ ರೊಕ್ಕ ಹಾಕುತ್ತಾರೆ.

ಮೊನ್ನೆ ಜಗಳಾಡಿದ ಆ ಹುಡುಗರಿಗೂ ಇದನ್ನೇ ಹೇಳಿ ಚಹಾ ಕುಡಿಸಿದೆ. "ಹಂಗಾದ್ರ ಸಿನೆಮಾ ಬಂದಾಗ ನೀನೂ ಬಾ ಕಾಕಾ" ಅಂದಿದ್ದಾರೆ. ಬರ್ತೀನಿ ಅಂದಿದ್ದೇನೆ. ನಿಮ್ಮ ಊರಲ್ಲಿ ಇಂಥ ಕಟ್ಟಳೆ ಯಾರಾದರೂ ಮಾಡಿದ್ದರೆ, ಅದು ಹೇಗೆ ನಡೆದಿದೆ ಎಂದು ಪತ್ರಿಕೆಗೆ ಎರಡು ಸಾಲು ಬರೆಯಿರಿ.

ಒಬ್ಬ ಒಣಬೇಸಾಯದ ರೈತ, ಲಕ್ಷ್ಮೇಶ್ವರ ತಾಲ್ಲೂಕು