ಮೂರು ಅಂತಸ್ತಿನ ಮನೆಗೆ ಒಂದೇ ವೈಫೈ

30×40 ಅಡಿಯ ಸೈಟಿನಲ್ಲಿ ಮೂರು ಅಂತಸ್ತಿನ ಮನೆ ಕಟ್ಟುವುದು ಈಗ ನಮ್ಮ ಊರುಗಳಲ್ಲಿ ಸಾಮಾನ್ಯ. ನೆಲಮಹಡಿಯ ಹಾಲ್‌ನಲ್ಲಿ ಟಿ.ವಿ. ಪಕ್ಕಕ್ಕೆ ರೂಟರ್, ಓದುವ ಮಕ್ಕಳ ಕೋಣೆ, ಗಲಾಟೆ ಬೇಡವೆಂದು, ಎರಡನೆಯ ಮಹಡಿಯಲ್ಲಿ. ಆನ್‌ಲೈನ್ ಪಾಠ ಶುರುವಾದರೆ ಅಲ್ಲಿ ಚಿತ್ರ ನಿಲ್ಲುತ್ತದೆ, ಮಾತು ತುಂಡಾಗುತ್ತದೆ. ಪಿಯುಸಿ ಓದುವ ಮಗಳು ಪುಸ್ತಕ, ಫೋನು ಹಿಡಿದು ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ‘ಬೇರೆ ರೂಮು ಕೊಟ್ಟರೂ ಇಲ್ಲೇ ಕೂರ್ತೀಯಲ್ಲೇ’ ಎಂದು ಅಮ್ಮನ ಬೈಗುಳ. ಕೊನೆಗೆ ಅಪ್ಪ ನಾಲ್ಕು ಕೊಂಬಿನ ದುಬಾರಿ ರೂಟರ್ ತಂದು ಅದೇ ಟಿ.ವಿ. ಪಕ್ಕಕ್ಕೇ ಇಡುತ್ತಾರೆ. ಮೇಲಿನ ಕೋಣೆಯ ಪಾಡು ಹೆಚ್ಚೇನೂ ಬದಲಾಗುವುದಿಲ್ಲ.

ಏಕೆ ಹೀಗೆ? ಅಂಗಡಿಗೆ ಹೋಗುವ ಮೊದಲು ಹೈಸ್ಕೂಲಿನ ಭೌತಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಳ್ಳೋಣ.

ವೈಫೈ ಎಂಬುದು ರೇಡಿಯೋ ತರಂಗ, ಬೆಳಕಿನ ಬಂಧುವೇ. ಮೂಲದಿಂದ ದೂರ ಎರಡರಷ್ಟಾದರೆ ಅದರ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ, ಮೂರರಷ್ಟಾದರೆ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಇದು ವಿಲೋಮ ವರ್ಗ ನಿಯಮ. ಇದು ಬಯಲಿನ ಲೆಕ್ಕ. ಮನೆಯೊಳಗೆ ಗೋಡೆ, ಮೌಲ್ಡ್‌ಗಳ ಸುಂಕ ಬೇರೆ ಉಂಟು. ಆರ್‌ಸಿಸಿ ಮೌಲ್ಡ್‌ನಲ್ಲಿರುವ ಕಬ್ಬಿಣದ ಸರಳುಗಳು ತರಂಗದ ಒಂದು ಭಾಗವನ್ನು ಹಿಂದಕ್ಕೆ ತಳ್ಳುತ್ತವೆ, ಕಾಂಕ್ರೀಟು ಇನ್ನೊಂದು ಭಾಗವನ್ನು ಹೀರುತ್ತದೆ. ಜರ್ಮನಿಯ ಹೈನ್ರಿಚ್ ಹರ್ಟ್ಸ್ 1888ರಲ್ಲಿ ರೇಡಿಯೋ ತರಂಗಗಳನ್ನು ಸತುವಿನ ತಗಡಿನಿಂದ ಪ್ರತಿಫಲಿಸಿ ತೋರಿಸಿದ. ನಮ್ಮ ಮನೆಗಳಲ್ಲಿ ಆ ತಗಡಿನ ಕೆಲಸವನ್ನು ಕಬ್ಬಿಣದ ಬೀರು, ಫ್ರಿಜ್ಜು, ದೊಡ್ಡ ನಿಲುವುಗನ್ನಡಿಯ ಹಿಂಬದಿಯ ಲೋಹದ ಲೇಪ ಮಾಡುತ್ತಿವೆ. ನೀರು ಈ ತರಂಗಗಳನ್ನು ಚೆನ್ನಾಗಿ ಹೀರುತ್ತದೆ. ಮೀನಿನ ತೊಟ್ಟಿಯ ಹಿಂದೆ ರೂಟರ್ ಇಡಬಾರದು.

ರೂಟರ್ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್‌ನ ತರಂಗದೂರ ಸುಮಾರು 12.5 ಸೆಂ.ಮೀ.; 5 ಗಿಗಾಹರ್ಟ್ಸ್‌ನದು ಸುಮಾರು 6 ಸೆಂ.ಮೀ. ಎರಡನೆಯದು ವೇಗದ್ದು, ಆದರೆ ಗೋಡೆಗಳಲ್ಲಿ ಬೇಗ ಸೊರಗುತ್ತದೆ. ಮೊದಲನೆಯದು ನಿಧಾನ, ಆದರೆ ಹೆಚ್ಚು ದೂರ ನಡೆಯುವ ಶಕ್ತಿ ಅದಕ್ಕಿದೆ. ಮೇಲಿನ ಕೋಣೆಯಲ್ಲಿ ಫೋನನ್ನು 2.4ಕ್ಕೆ ಬದಲಿಸಿ ನೋಡುವುದು ಖರ್ಚಿಲ್ಲದ ಮೊದಲ ಉಪಾಯ.

ಹಾಗಾದರೆ ರೂಟರಿನ ಶಕ್ತಿ ಹೆಚ್ಚಿಸಿದರಾಗದೆ? ಇಲ್ಲೇ ಬಹಳ ಜನ ಎಡವುವುದು. ವೈಫೈ ಭಾಷಣವಲ್ಲ, ಸಂಭಾಷಣೆ. ರೂಟರ್ ಎಷ್ಟೇ ಜೋರಾಗಿ ಕೂಗಲಿ, ಫೋನಿನ ಮೆಲುದನಿಯ ಉತ್ತರ ಅದಕ್ಕೆ ಕೇಳಿಸದಿದ್ದರೆ ಮಾತು ಮುಂದುವರಿಯದು. ಫೋನಿನಲ್ಲಿ ಕಡ್ಡಿಗಳು ತುಂಬಿ ಕಂಡರೂ ಪಾಠ ನಿಂತುಹೋಗಲು ಇದೂ ಒಂದು ಕಾರಣ.

ಇನ್ನು ಆಂಟೆನಾದ ವಿಷಯ. ನೆಟ್ಟಗೆ ನಿಲ್ಲಿಸಿದ ಆಂಟೆನಾ ಎಲ್ಲ ದಿಕ್ಕಿಗೂ ಒಂದೇ ಸಮ ತರಂಗ ಬೀರುವುದಿಲ್ಲ. ಉದ್ದಿನ ವಡೆಯ ತೂತಿನಲ್ಲಿ ಕಡ್ಡಿ ನಿಲ್ಲಿಸಿದಂತೆ ಊಹಿಸಿಕೊಳ್ಳಿ: ಕಡ್ಡಿ ಆಂಟೆನಾ, ವಡೆ ಅದರ ತರಂಗ. ಸುತ್ತಲೂ ಹೇರಳ, ನೆತ್ತಿಯ ಮೇಲೆ ಬಲು ಕಡಿಮೆ. ಆದ್ದರಿಂದ ಹೊರಗೆ ಆಂಟೆನಾ ಇರುವ ರೂಟರಿನಲ್ಲಿ ಒಂದನ್ನು ನೆಟ್ಟಗಿಟ್ಟು, ಇನ್ನೊಂದನ್ನು ಅಡ್ಡ ಮಲಗಿಸಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಜಾಗ. ಸಂಪರ್ಕ ಕೊಡಲು ಬಂದವರು ತಂತಿ ಒಳಗೆ ಬರುವ ಮೂಲೆಯಲ್ಲೇ ಪೆಟ್ಟಿಗೆ ಬಡಿದು ಹೋಗುತ್ತಾರೆ. ಆಗ ತರಂಗದ ಒಳ್ಳೆಯ ಪಾಲು ಬೀದಿಗೆ. ಮೂರು ಅಂತಸ್ತಿಗೆ ಒಂದೇ ರೂಟರ್ ಎಂದಾದರೆ ಅದು ನಡುವಿನ ಮಹಡಿಯಲ್ಲಿ, ಒಳಮೆಟ್ಟಿಲಿನ ಬಳಿ, ಎದೆಯೆತ್ತರದಲ್ಲಿರಬೇಕು. ಮೆಟ್ಟಿಲು ಹಾಯುವ ಕಡೆ ಮೌಲ್ಡ್ ಇರುವುದಿಲ್ಲವಷ್ಟೆ. ತರಂಗಕ್ಕೂ ಅದೇ ದಾರಿ. ಮಗಳಿಗೆ ಮೆಟ್ಟಿಲ ಮೇಲೆ ಪಾಠ ಕೇಳಿಸುತ್ತಿದ್ದುದರ ಗುಟ್ಟು ಇದೇ.

ಇಷ್ಟಾದರೂ ಸಾಲದಿದ್ದರೆ? ರಿಪೀಟರ್ ಎಂಬ ಪುಟ್ಟ ಸಾಧನ ಸಿಗುತ್ತದೆ. ಇದು ತರಗತಿಯ ನಡುಬೆಂಚಿನ ಹುಡುಗನಿದ್ದಂತೆ. ಮೇಷ್ಟರ ಮಾತು ಕೇಳಿ ಹಿಂದಿನ ಬೆಂಚಿಗೆ ಹೇಳುತ್ತಾನೆ. ಅವನೇ ಕೊನೆಯ ಬೆಂಚಿನಲ್ಲಿ ಕುಳಿತರೆ ಏನು ಹೇಳಿಯಾನು? ಹಾಗೆಯೇ ರಿಪೀಟರನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲಿ ಸಿಕ್ಕಿಸಿ ಫಲವಿಲ್ಲ. ದಾರಿಯ ನಡುವೆ, ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ ಇಡಬೇಕು. ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಚಾನೆಲ್ ಬಳಸುವ ಅಗ್ಗದ ರಿಪೀಟರಿನಲ್ಲಿ ವೇಗ ಅರ್ಧಕ್ಕಿಳಿಯುವುದೂ ಉಂಟು.

ಖಾಯಂ ಪರಿಹಾರ ಒಂದೇ: ಮಹಡಿಯಿಂದ ಮಹಡಿಗೆ ತಂತಿ. ಕ್ಯಾಟ್ 6 ಕೇಬಲನ್ನು 100 ಮೀಟರಿನವರೆಗೆ ಎಳೆಯಬಹುದು. ಹಲವು ಮನೆಗಳಲ್ಲಿ ಕೇಬಲ್ ಟಿ.ವಿ.ಗೆಂದು ಗೋಡೆಯೊಳಗೆ ಬಿಟ್ಟ ಪೈಪು ಖಾಲಿ ಇರುತ್ತದೆ, ಅದರಲ್ಲೇ ಎಳೆಸಿ. ಮೇಲಿನ ತುದಿಗೆ ಎರಡನೆಯ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಆಗಿ ಜೋಡಿಸಿ. ಆ ಅನುಕೂಲವಿದ್ದರೆ ಹಳೆಯ ರೂಟರೇ ಸಾಕು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ, 2.4ರಲ್ಲಿ ಚಾನೆಲ್ ಮಾತ್ರ ಬೇರೆ ಬೇರೆ. 1, 6, 11 ಒಂದರ ಮೇಲೊಂದು ಬೀಳದ ಚಾನೆಲ್‌ಗಳು. ಎರಡು ಎಚ್ಚರಿಕೆ: ಕರೆಂಟಿನ ವೈರು ಹೋಗುವ ಪೈಪಿನಲ್ಲಿ ಈ ಕೇಬಲ್ ಬೇಡ. ಹೊರಗೋಡೆಯ ಮೇಲೆ ಇಳಿಬಿಡುವುದೂ ಬೇಡ. ಗುಡುಗು ಮಳೆಯ ದಿನ ಸಿಡಿಲಿನ ಅಪಾಯ ಒಳಗೆ ಬಂದೀತು.

ವಿದ್ಯಾರ್ಥಿಗಳಿಗೆ ಈ ವಾರದ ಪ್ರಯೋಗ ಇದು. ಪ್ರತಿ ಮಹಡಿಯ ನಕ್ಷೆಯನ್ನು ಚೌಕುಳಿ ಹಾಳೆಯಲ್ಲಿ ಬರೆಯಿರಿ. ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ತೋರಿಸುವ ಉಚಿತ ಆ್ಯಪ್‌ಗಳು ಉಂಟು. ಪ್ರತಿ ಕೋಣೆಯಲ್ಲಿ, ಬಾಗಿಲು ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆದು ಬರೆಯಿರಿ. ಪ್ರತಿ 10 ಇಳಿದಂತೆ ಶಕ್ತಿ ಹತ್ತನೆಯ ಒಂದು ಪಾಲಾಗುತ್ತದೆ. −50 ಇದ್ದದ್ದು −70 ಆದರೆ ಉಳಿದದ್ದು 100ರಲ್ಲಿ 1 ಪಾಲು. −65ರ ಆಸುಪಾಸು ಇದ್ದರೆ ವಿಡಿಯೋ ಪಾಠಕ್ಕೆ ಸಾಕು. −80 ಎಂದರೆ ಕಷ್ಟ. ರೂಟರಿನ ಪಕ್ಕದಲ್ಲಿ ನಿಂತಾಗಲೂ ವೇಗವಿಲ್ಲದಿದ್ದರೆ ದೋಷ ಬಹುಶಃ ಮನೆಯ ಗೋಡೆಗಳದ್ದಲ್ಲ, ಹೊರಗಿನಿಂದ ಬರುವ ಸಂಪರ್ಕದ್ದು. ರೂಟರನ್ನು ಮೂರು ಕಡೆ ಇಟ್ಟು ಮೂರು ನಕ್ಷೆ ತಯಾರಿಸಿದರೆ ಉತ್ತರ ತಾನಾಗಿ ಕಾಣುತ್ತದೆ.

ಪೋಷಕರಲ್ಲಿ ಒಂದು ಮಾತು. ಮಕ್ಕಳು ಆ ನಕ್ಷೆ ತಂದು ತೋರಿಸಿದಾಗ ಐದು ನಿಮಿಷ ಕೂತು ನೋಡಿ. ಹೊಸ ರೂಟರ್ ತರಬೇಕೆ, ಇದ್ದದ್ದನ್ನೇ ಸರಿಸಿದರೆ ಸಾಕೆ ಎಂಬುದನ್ನು ಅದನ್ನು ನೋಡಿದ ಮೇಲೆಯೇ ನಿರ್ಧರಿಸಿ. ಪರೀಕ್ಷೆ ಹತ್ತಿರ ಬರುವ ಮೊದಲೇ ಮಗಳು ಮೆಟ್ಟಿಲು ಬಿಟ್ಟು ತನ್ನ ಮೇಜಿಗೆ ಹೋಗುವಂತಾಗಲಿ.