ನಡುವಯಸ್ಸಿನ ದೋಣಿಗನೂ ನೀರಿನ ನ್ಯಾಯವೂ

ನಾಲ್ವತ್ತು ದಾಟಿದವನೊಬ್ಬನು ಪಂದ್ಯಕ್ಕೆ ಇಳಿದನೆಂದರೆ ನೋಡುವವರ ಮುಖದಲ್ಲಿ ಕಿರುನಗೆಯೊಂದು ಸುಳಿಯುವುದು ಲೋಕರೂಢಿ. ಗೆಲ್ಲುವ ಕಾಲ ಕಳೆದುಹೋಯಿತು, ಇನ್ನೇಕೆ ಈ ಸಾಹಸ ಎಂಬುದು ಆ ನಗೆಯ ಅರ್ಥ. ಈ ನಗೆಗೆ ಆಧಾರವುಂಟೆ ಎಂಬುದನ್ನು ವಿಚಾರಿಸಿ ನೋಡಲು ಇಂಗ್ಲೆಂಡಿನ ನದಿ ಕಾಲುವೆಗಳಲ್ಲಿ ನಡೆಯುವ ಸ್ಥಳೀಯ ಕಯಾಕ್ ಪಂದ್ಯಗಳು ಒಳ್ಳೆಯ ನಿದರ್ಶನವಾಗಿವೆ. ನಡುವಯಸ್ಸಿನ ಹವ್ಯಾಸಿಯ ವಿಷಯದಲ್ಲಿ ನೀರು ಮನುಷ್ಯರಿಗಿಂತ ಹೆಚ್ಚು ಉದಾರಿಯೆಂದೂ, ಆ ಪಂದ್ಯಗಳ ನಿಯಮದಿಂದ ನಾವು ಕಲಿಯತಕ್ಕದ್ದು ಬಹಳವಿದೆಯೆಂದೂ ನನ್ನ ಅಭಿಪ್ರಾಯ.

ಕಯಾಕ್ ಎಂಬುದು ಉತ್ತರ ಧ್ರುವಪ್ರದೇಶದ ಇನ್ಯುಯಿಟ್ ಜನರ ಬೇಟೆಯ ದೋಣಿ. ಮರದ ಅಥವಾ ಮೂಳೆಯ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಅದನ್ನು ಕಟ್ಟುತ್ತಿದ್ದರು. ಅದರೊಳಗೆ ಕಾಲು ಚಾಚಿ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಹಿಂದಕ್ಕೆ ತಳ್ಳಬೇಕು. ಸ್ಕಾಟ್ಲೆಂಡ್ ಮೂಲದ ನ್ಯಾಯವಾದಿ ಜಾನ್ ಮ್ಯಾಕ್‌ಗ್ರೆಗರ್ 1865ರಲ್ಲಿ ಇಂತಹ ದೋಣಿಯ ಮಾದರಿಯಲ್ಲಿ ಮರದ ದೋಣಿಯೊಂದನ್ನು ಕಟ್ಟಿಸಿ, ಅದಕ್ಕೆ ರಾಬ್ ರಾಯ್ ಎಂದು ಹೆಸರಿಟ್ಟು, ಯೂರೋಪಿನ ನದಿಗಳಲ್ಲಿ ಒಬ್ಬನೇ ಸಂಚರಿಸಿದನು. ಮರುವರ್ಷ ಆತನ ಪ್ರವಾಸಗ್ರಂಥವೂ ಪ್ರಕಟವಾಯಿತು, ಈಗ ರಾಯಲ್ ಕನೂ ಕ್ಲಬ್ ಎಂದು ಪ್ರಸಿದ್ಧವಾದ ಸಂಘವೂ ಸ್ಥಾಪಿತವಾಯಿತು. ಆ ಯಾತ್ರೆಯ ಕಾಲಕ್ಕೆ ಮ್ಯಾಕ್‌ಗ್ರೆಗರನಿಗೆ ನಾಲ್ವತ್ತು ವರ್ಷ. ಈ ಕ್ರೀಡೆಯನ್ನು ಜನಪ್ರಿಯಗೊಳಿಸಿದವನೇ ನಡುವಯಸ್ಕನೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ನೀರಿನ ಉದಾರತೆಯ ಮಾತು. ನೀರಿನಲ್ಲಿ ಚಲಿಸುವ ದೋಣಿಯನ್ನು ನೀರು ತಡೆಯುತ್ತದೆ. ದುಂಡಗಿನ ಹರಿಗೋಲನ್ನು ನಡೆಸುವವರಿಗೆ ಈ ರೋಧ ಎಷ್ಟೆಂಬುದು ಚೆನ್ನಾಗಿ ಗೊತ್ತು. ಕಯಾಕು ನೀಳವಾಗಿ ಕಿರಿದಾಗಿರುವುದರಿಂದ ಅದಕ್ಕೆ ರೋಧ ಕಡಿಮೆ. ಆದರೆ ರೋಧವು ಬೆಳೆಯುವ ಕ್ರಮ ಎರಡಕ್ಕೂ ಸ್ಥೂಲವಾಗಿ ಒಂದೇ. ವೇಗ ಇಮ್ಮಡಿಯಾದರೆ ರೋಧ ನಾಲ್ಮಡಿಯಾಗುತ್ತದೆ. ಆ ವೇಗವನ್ನು ಕಾಯ್ದುಕೊಳ್ಳಲು ಬೇಕಾದ ಸಾಮರ್ಥ್ಯವಾದರೋ ಎಂಟುಮಡಿ. ಎಂದರೆ ಸಾಮರ್ಥ್ಯವು ವೇಗದ ಘನವನ್ನು ಅನುಸರಿಸುತ್ತದೆ.

ಈ ನಿಯಮವನ್ನು ತಿರುವಿ ನೋಡಿದರೆ ಅದರ ಮರ್ಮ ತಿಳಿಯುತ್ತದೆ. ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಶಕ್ತಿಯು ಮೂವತ್ತರ ಅನಂತರ ಸಾಮಾನ್ಯವಾಗಿ ದಶಕಕ್ಕೆ ಶೇಕಡ 10ರಷ್ಟು ಕುಗ್ಗುತ್ತ ಬರುತ್ತದೆ. ಎಡೆಬಿಡದೆ ಅಭ್ಯಾಸ ಮಾಡುವವರಲ್ಲಿ ಈ ಇಳಿತ ಅದಕ್ಕಿಂತ ಕಡಿಮೆ. ಮೂವತ್ತರಲ್ಲಿ ನಿಂತ ನೀರಿನ ಮೇಲೆ 10 ಕಿಲೋಮೀಟರುಗಳನ್ನು 60 ನಿಮಿಷಗಳಲ್ಲಿ ಕ್ರಮಿಸುತ್ತಿದ್ದವನೊಬ್ಬನ ಸಾಮರ್ಥ್ಯ ಐವತ್ತರ ವೇಳೆಗೆ ಶೇಕಡ 20ರಷ್ಟು ಕುಗ್ಗಿತೆಂದು ಇಟ್ಟುಕೊಳ್ಳೋಣ. ಅವನ ವೇಗವೂ ಅಷ್ಟೇ ಕುಗ್ಗುವುದೆ? ಇಲ್ಲ. 0.8ರ ಘನಮೂಲ ಸುಮಾರು 0.93, ಆದಕಾರಣ ವೇಗದಲ್ಲಿ ನಷ್ಟವಾಗುವುದು ಶೇಕಡ 7 ಮಾತ್ರ. ಅದೇ ದೂರಕ್ಕೆ ಈಗ ಅವನಿಗೆ ಸುಮಾರು 64½ ನಿಮಿಷಗಳು ಸಾಕು. ಇದೇ ಮನುಷ್ಯನು ಸೈಕಲ್ಲಿನ ಮೇಲೆ ಕಡಿದಾದ ಬೆಟ್ಟವೊಂದನ್ನು 60 ನಿಮಿಷಗಳಲ್ಲಿ ಏರುತ್ತಿದ್ದನೆಂದರೆ, ಈಗ 75 ನಿಮಿಷಗಳು ಬೇಕಾಗುತ್ತಿದ್ದುವು. ಏಕೆಂದರೆ ಭಾರವನ್ನು ಮೇಲಕ್ಕೆತ್ತುವಲ್ಲಿ ವೇಗವು ಸಾಮರ್ಥ್ಯದೊಡನೆ ನೇರ ಪ್ರಮಾಣದಲ್ಲಿರುತ್ತದೆ. ಬೆಟ್ಟ ಕೇಳುವ ಬಡ್ಡಿಯನ್ನು ನೀರು ಕೇಳುವುದಿಲ್ಲ.

ವೇಗ ಹೆಚ್ಚಿದಂತೆ ಮತ್ತೊಂದು ಅಡ್ಡಿಯೂ ಎದುರಾಗುತ್ತದೆ. ದೋಣಿಯು ತಾನೇ ಅಲೆಗಳನ್ನೆಬ್ಬಿಸುತ್ತದೆ. ಈ ಅಲೆಗಳ ನಿಯಮಗಳನ್ನು ಇಂಗ್ಲೆಂಡಿನ ವಿಲಿಯಂ ಫ್ರೌಡ್ ಎಂಬ ಎಂಜಿನಿಯರು ಟಾರ್ಕಿಯಲ್ಲಿ ನೀರಿನ ನೀಳವಾದ ತೊಟ್ಟಿಯೊಂದನ್ನು ಕಟ್ಟಿಸಿ, 1872ರಿಂದ ಅದರಲ್ಲಿ ಹಡಗುಗಳ ಮಾದರಿಗಳನ್ನು ಎಳೆದು ಪರೀಕ್ಷಿಸಿದನು. ಅಲೆಯ ನೀಳವು ದೋಣಿಯ ನೀಳಕ್ಕೆ ಸಮವಾದಾಗ, ದೋಣಿಯು ತನ್ನದೇ ಅಲೆಯ ಏರನ್ನು ಹತ್ತುತ್ತಿರುವಂತೆ ತೊಳಲುತ್ತದೆ. ಒಬ್ಬರು ಕೂರುವ ಪಂದ್ಯದ ಕಯಾಕಿನ ಗರಿಷ್ಠ ನೀಳ 5.2 ಮೀಟರು. ಅದಕ್ಕೆ ಈ ಸ್ಥಿತಿ ಒದಗುವುದು ಗಂಟೆಗೆ ಸುಮಾರು 10 ಕಿಲೋಮೀಟರುಗಳ ವೇಗದಲ್ಲಿ. ದೋಣಿ ಬಹಳ ಕಿರಿದಾದ್ದರಿಂದ ಬಲಿಷ್ಠನು ಈ ವೇಗವನ್ನು ಮೀರಬಲ್ಲನು, ನಿಜ. ಆದರೆ ಮುಂದಿನ ಪ್ರತಿಯೊಂದು ಹೆಜ್ಜೆಗೂ ದುಬಾರಿ ಬೆಲೆಯನ್ನು ತೆರಬೇಕು. ಹೀಗೆ ಹರೆಯದವನ ಹೆಚ್ಚಿನ ಬಲದಲ್ಲಿ ಒಂದು ಪಾಲು ಅಲೆಯಾಗಿ ದಡ ಸೇರುತ್ತದೆ.

ಆ ಅಲೆಯೂ ವ್ಯರ್ಥವಲ್ಲ. ಮುಂದಿನ ದೋಣಿಯ ಪಕ್ಕದ ಅಲೆಯ ಇಳಿಜಾರಿನಲ್ಲಿ ತನ್ನ ದೋಣಿಯ ಮೂತಿಯನ್ನಿಟ್ಟು ಸಾಗುವವನಿಗೆ ಶ್ರಮ ಎಷ್ಟೋ ಉಳಿಯುತ್ತದೆ. ಆ ಜಾಗವನ್ನು ಗುರುತಿಸಿ ಅಲ್ಲಿಯೇ ನಿಲ್ಲುವುದು, ಎದುರುಹೊಳೆಯಲ್ಲಿ ದಡದ ಮಗ್ಗುಲಿನ ನಿಧಾನವಾದ ನೀರನ್ನು ಹಿಡಿಯುವುದು, ತಿರುವಿನಲ್ಲಿ ಸೆಳವನ್ನು ಓದುವುದು, ಇವೆಲ್ಲ ತೋಳಿನ ಬಲಕ್ಕಿಂತ ಅನುಭವವನ್ನು ಬೇಡುವ ವಿದ್ಯೆಗಳು. ವಯಸ್ಸು ಕಸಿದುಕೊಂಡುದರಲ್ಲಿ ಒಂದಂಶವನ್ನು ಅನುಭವವು ಹೀಗೆ ಹಿಂದಿರುಗಿಸುತ್ತದೆ. ಸಮತೋಲ ಮಾತ್ರ ವಯಸ್ಸಿನೊಡನೆ ಕುಂದುವುದುಂಟು. ಕಿರಿದಾದ ದೋಣಿ ಬೇಗ ಮಗುಚುತ್ತದೆ. ತುಸು ಅಗಲವಾದ ದೋಣಿಯನ್ನು ಆರಿಸಿಕೊಳ್ಳುವುದೇ ಇದಕ್ಕೆ ಮದ್ದು. ಮಗುಚಿದ ವೇಗದ ದೋಣಿಗಿಂತ ನೆಟ್ಟಗೆ ಸಾಗುವ ನಿಧಾನದ ದೋಣಿಯೇ ಮೊದಲು ಗುರಿ ಮುಟ್ಟುವುದಷ್ಟೆ.

ಬ್ರಿಟನ್ನಿನ ಹ್ಯಾಸ್ಲರ್ ಪಂದ್ಯಗಳ ವ್ಯವಸ್ಥೆ ಈ ವಾಸ್ತವಕ್ಕೆ ಒಪ್ಪುವಂತಿದೆ. 1942ರ ಡಿಸೆಂಬರಿನಲ್ಲಿ ಕಯಾಕುಗಳಲ್ಲಿ ಬೋರ್ಡೊ ಬಂದರಿಗೆ ನುಗ್ಗಿ ಶತ್ರುಗಳ ಹಡಗುಗಳಿಗೆ ಸಿಡಿಗುಂಡುಗಳನ್ನು ಅಂಟಿಸಿದ ತಂಡದ ನಾಯಕ ಹ್ಯಾಸ್ಲರನ ಹೆಸರು ಇವಕ್ಕೆ ಬಂದಿದೆ. ಇವುಗಳಲ್ಲಿ ಒಂಬತ್ತು ಶ್ರೇಣಿಗಳುಂಟು. ಅವು ಏರ್ಪಟ್ಟಿರುವುದು ವಯಸ್ಸಿನಿಂದಲ್ಲ, ವೇಗದಿಂದ. ಹೊಸಬನು ಒಂಬತ್ತನೆಯ ಶ್ರೇಣಿಯಿಂದ ತೊಡಗುತ್ತಾನೆ. ಕೆಳಗಿನ ಮೂರು ಶ್ರೇಣಿಗಳಿಗೆ ಸುಮಾರು 4 ಮೈಲಿ, ನಡುವಿನವಕ್ಕೆ 8, ಮೇಲಿನವಕ್ಕೆ 12 ಮೈಲಿಗಳ ದೂರ. ಒಳ್ಳೆಯ ಕಾಲಮಾನ ತೋರಿದವನಿಗೆ ಮೇಲಿನ ಶ್ರೇಣಿಗೆ ಬಡ್ತಿ ದೊರೆಯುತ್ತದೆ. ಐವತ್ತರ ಗೃಹಸ್ಥನೂ ಹದಿನೈದರ ಬಾಲೆಯೂ ಮೂವತ್ತರ ಯುವಕನೂ ಒಂದೇ ಗೆರೆಯಿಂದ ಹೊರಟು, ಒಬ್ಬರ ಹಿಂದೊಬ್ಬರು ದೋಣಿಯಳತೆಯ ಅಂತರದಲ್ಲಿ ಗುರಿ ಮುಟ್ಟುವುದು ಅಲ್ಲಿ ಸಾಧ್ಯ. ಕೆಳಗಿನ ಶ್ರೇಣಿಯವನು ಗಳಿಸಿದ ಅಂಕವೂ ಅವನ ಸಂಘದ ಲೆಕ್ಕಕ್ಕೆ ಸಲ್ಲುತ್ತದೆ.

ವಯೋಮಾನದ ವಿಭಾಗಗಳೇ ಬೇಡವೆಂದು ನಾನು ಹೇಳುವುದಿಲ್ಲ. ಅಂತರರಾಷ್ಟ್ರೀಯ ಕಯಾಕ್ ಸ್ಪರ್ಧೆಗಳಲ್ಲಿ 35 ದಾಟಿದವರಿಗೆ ಪ್ರತ್ಯೇಕ ವಿಭಾಗಗಳಿವೆ. ಆಯಾ ವಯಸ್ಸಿನಲ್ಲಿ ಶ್ರೇಷ್ಠನಾರು ಎಂಬ ಪ್ರಶ್ನೆಗೆ ಉತ್ತರ ಬೇಕಾದಲ್ಲಿ ಅದೇ ಸರಿಯಾದ ಮಾರ್ಗ. ಸ್ಥಳೀಯ ಪಂದ್ಯದ ಪ್ರಶ್ನೆಯೇ ಬೇರೆ. ಅಲ್ಲಿ ಬೇಕಾದುದು ಸಮಬಲರ ಸೆಣಸಾಟ. ಐದೈದು ವರ್ಷಗಳಿಗೊಂದು ಗುಂಪು ಮಾಡಿ, ಗುಂಪಿಗೆ ನಾಲ್ವರಿದ್ದು ಅವರಲ್ಲಿ ಮೂವರಿಗೆ ಪದಕ ಹಂಚಿದರೆ, ಅದು ಸನ್ಮಾನವಾದೀತೇ ಹೊರತು ಪಂದ್ಯವಾಗದು. ಒಂದೇ ವಯಸ್ಸಿನ ಇಬ್ಬರ ನಡುವಣ ಅಂತರವು ಇಪ್ಪತ್ತು ವರ್ಷಗಳ ಅಂತರವು ಉಂಟುಮಾಡುವ ಶೇಕಡ 7ಕ್ಕಿಂತ ಎಷ್ಟೋ ಹೆಚ್ಚಾಗಿರಬಹುದು. ಹೀಗಿರುವಲ್ಲಿ ವಯಸ್ಸೆಂಬುದು ಅಳತೆಗೋಲಾಗಿ ಬಹಳ ಒರಟು, ಗಡಿಯಾರವು ಸೂಕ್ಷ್ಮವಾದುದು.

ನಮ್ಮಲ್ಲಿ ಕಾಲೇಜು ಬಿಟ್ಟೊಡನೆ ಆಟವನ್ನೂ ಬಿಡುವವರೇ ಅಧಿಕ. ಅನಂತರ ಕ್ರೀಡೆಯೆಂದರೆ ಇತರರ ಆಟವನ್ನು ನೋಡುವುದು. ಹಿರಿಯರಿಗಾಗಿ ನಡೆಯುವ ಕ್ರೀಡಾಕೂಟಗಳು ವಯಸ್ಸಿನ ಗುಂಪುಗಳನ್ನೇ ಅನುಸರಿಸುತ್ತವೆ. ಈಜು, ಓಟ, ದೋಣಿ, ಯಾವುದೇ ಆಗಲಿ, ಊರಿನ ಮಟ್ಟದಲ್ಲಿ ವೇಗದ ಶ್ರೇಣಿಗಳನ್ನು ಏರ್ಪಡಿಸಿದರೆ ನಾಲ್ವತ್ತರವನಿಗೂ ಮರಳಿ ಬರಲು ಒಂದು ಬಾಗಿಲು ತೆರೆಯುತ್ತದೆ. ಬರುವವನು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು, ಶ್ರಮವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿಕೊಳ್ಳಬೇಕು. ನೀರಿಗಿಳಿಯುವಾಗ ಲೈಫ್ ಜಾಕೆಟನ್ನು ಮರೆಯಲಾಗದು. ಇಷ್ಟು ಎಚ್ಚರವಿದ್ದರೆ ಸಾಕು; ಹುಟ್ಟಿದ ವರ್ಷವನ್ನು ನೀರಂತೂ ಕೇಳುವುದಿಲ್ಲ, ಪಂದ್ಯ ನಡೆಸುವವರೂ ಕೇಳದಿರುವುದು ಲೇಸು.