ಇಂಗ್ಲಿಷ್ ಪತ್ರಿಕೆ: ಬಾಯಿಪಾಠ ಬಿಟ್ಟು ಓದಿನ ಕಡೆಗೆ

ಜನವರಿ ಕಳೆಯುವ ಹೊತ್ತಿಗೆ ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಲ್ಲಾಗಲಿ, ಅತ್ತ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಾಗಲಿ ಎಸ್ಸೆಸ್ಸೆಲ್ಸಿ ಮಕ್ಕಳ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ನಡುವೆ ಪೂರ್ವಸಿದ್ಧತಾ ಪರೀಕ್ಷೆ. ಇಂಗ್ಲಿಷ್ ಮೇಷ್ಟ್ರ ಕೈಯಲ್ಲಿ ‘ಪಾಸಿಂಗ್ ಪ್ಯಾಕೇಜ್’ ಇರುತ್ತದೆ. ಅದರಲ್ಲಿ ಒಂದು ಪದ್ಯ, ಒಂದೆರಡು ಪತ್ರ, ನಾಲ್ಕಾರು ಪ್ರಬಂಧ, ಬರಬಹುದಾದ ಪ್ರಶ್ನೆಗಳಿಗೆ ಸಿದ್ಧ ಉತ್ತರ. ಇಷ್ಟನ್ನು ಉರು ಹೊಡೆದರೆ ದಡ ಸೇರಬಹುದು ಎಂಬ ನಂಬಿಕೆ.

ಈ ಪ್ಯಾಕೇಜನ್ನು ಹಂಚುವ ಶಿಕ್ಷಕರನ್ನು ದೂರುವುದು ಸುಲಭ, ಆದರೆ ಅನ್ಯಾಯ. ಫಲಿತಾಂಶ ಕುಸಿದರೆ ಕಾರಣ ಕೇಳುವುದು ಅವರನ್ನೇ. ಎಂಟನೆಯ ತರಗತಿಗೆ ಬಂದ ಮಗು ಇಂಗ್ಲಿಷಿನ ಒಂದು ಸಾಲನ್ನು ತಡವರಿಸದೆ ಓದಲಾರದು ಎಂಬುದೂ ಅವರಿಗೆ ಗೊತ್ತು. ಮೂರು ವರ್ಷದಲ್ಲಿ ಆ ಹಳ್ಳ ತುಂಬುವಷ್ಟು ಬಿಡುವು ವೇಳಾಪಟ್ಟಿಯಲ್ಲಿಲ್ಲ. ಆಗ ಉಳಿಯುವುದು ಬಾಯಿಪಾಠವೊಂದೇ.

ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ನೂರು ಅಂಕ, ಎಂಬತ್ತು ಲಿಖಿತ ಪರೀಕ್ಷೆಗೆ, ಇಪ್ಪತ್ತು ಆಂತರಿಕ ಮೌಲ್ಯಮಾಪನಕ್ಕೆ. ಆ ಎಂಬತ್ತರಲ್ಲಿ ಮಗು ಹಿಂದೆಂದೂ ಕಾಣದ ಗದ್ಯವನ್ನು ಓದಿ ಉತ್ತರಿಸಬೇಕಾದ ಭಾಗ ಚಿಕ್ಕದು. ಪಠ್ಯದ ಪ್ರಶ್ನೋತ್ತರ, ನೆನಪಿನಿಂದ ಬರೆಯುವ ಪದ್ಯ, ಅಚ್ಚಿನಲ್ಲಿ ಎರಕ ಹೊಯ್ದಂತಹ ಪತ್ರ ಇವುಗಳ ಪಾಲೇ ದೊಡ್ಡದು. ಪತ್ರ, ಪ್ರಬಂಧ, ಚಿತ್ರ ನೋಡಿ ಬರೆಯುವ ಪ್ರಶ್ನೆ, ಸುಳಿವುಗಳಿಂದ ಕತೆ ಬೆಳೆಸುವ ಪ್ರಶ್ನೆ ಎಲ್ಲವೂ ಸ್ವಂತ ಬರವಣಿಗೆಯನ್ನು ಅಳೆಯಲೆಂದೇ ಹುಟ್ಟಿದವು. ಅವಕ್ಕೂ ಗೈಡಿನಲ್ಲಿ ಸಿದ್ಧ ಮಾದರಿ ಸಿಗುತ್ತದೆ. ಹೀಗೆ ಓದು ಬರಹದ ಪರೀಕ್ಷೆಯು ನೆನಪಿನ ಪರೀಕ್ಷೆಯಾಗಿ ಮುಗಿದುಹೋಗುತ್ತದೆ.

ಇದರ ಬೆಲೆ ಏನೆಂದು 2024ರಲ್ಲಿ ಕಂಡೆವು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ! ಇಳಿಕೆ ಒಂದು ವಿಷಯದ್ದಲ್ಲ, ಆದರೆ ಪ್ರಶ್ನೆಯನ್ನೇ ಓದಿ ಅರ್ಥ ಮಾಡಿಕೊಳ್ಳಲಾಗದ ಮಗುವಿಗೆ ಕಾವಲು ಬಿಗಿಯಾದ ದಿನ ಯಾವ ಆಸರೆಯೂ ಇರುವುದಿಲ್ಲ. ಈಗ ತೇರ್ಗಡೆಯ ಮಟ್ಟ ಶೇ 33ಕ್ಕೆ ಇಳಿದಿದೆ. ಒಂದೆರಡು ಅಂಕದಿಂದ ವರ್ಷ ಕಳೆದುಕೊಳ್ಳುತ್ತಿದ್ದ ಮಕ್ಕಳಿಗೆ ಇದು ನೆರವು, ನನ್ನ ತಕರಾರಿಲ್ಲ. ಆದರೆ ಪಿಯುಸಿ ವಿಜ್ಞಾನ, ಡಿಪ್ಲೊಮಾ ಎಂದು ಹೋದ ಅದೇ ಹುಡುಗ ಹುಡುಗಿಯರ ಮುಂದೆ ಇಡೀ ಪುಸ್ತಕವೇ ಇಂಗ್ಲಿಷಿನಲ್ಲಿ ತೆರೆದುಕೊಳ್ಳುವಾಗ ಕೃಪಾಂಕ ಕೈಹಿಡಿಯುವುದಿಲ್ಲ.

ಹಾಗಾದರೆ ಸಿದ್ಧತೆ ಹೇಗಿರಬೇಕು? ಹತ್ತನೆಯ ತರಗತಿಯ ಪಠ್ಯದಲ್ಲಿರುವ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಕತೆಯನ್ನೇ ತೆಗೆದುಕೊಳ್ಳಿ. ಅಜ್ಜಿಯ ಪಕ್ಕ ಮಲಗುವ ಸ್ವಾಮಿಗೆ ಅಪ್ಪ ಸವಾಲು ಹಾಕುತ್ತಾನೆ: ಇವತ್ತು ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು. ಅಪ್ಪ ಹಾಗೆ ಮಾಡಿದ್ದು ಸರಿಯೇ ಎಂದು ಅರಕೆರೆಯ ಯಾವ ಮಗುವನ್ನಾದರೂ ಕನ್ನಡದಲ್ಲಿ ಕೇಳಿ ನೋಡಿ. ಕತ್ತಲೆಗೆ ಹೆದರಿದ್ದು, ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು, ಅಪ್ಪನ ಮೇಲಿನ ಕೋಪ ಎಲ್ಲ ಹೊರಬರುತ್ತದೆ. ತರಗತಿಯಲ್ಲಿ ಹತ್ತು ಮಕ್ಕಳು ಹತ್ತು ಕಾರಣ ಹೇಳುತ್ತಾರೆ. ಅಂದರೆ ಕತೆ ಅವರಿಗೆ ಅರ್ಥವಾಗಿದೆ, ಹೇಳಲು ಮಾತೂ ಇದೆ. ಶಿಕ್ಷಕರು ಮಾಡಬೇಕಾದದ್ದು ಆ ಮಾತಿನಲ್ಲಿ ಮೂರನ್ನು ಆರಿಸಿ, ಮಕ್ಕಳೊಂದಿಗೇ ಕೂತು ಮೂರು ಸರಳ ಇಂಗ್ಲಿಷ್ ವಾಕ್ಯ ಕಟ್ಟುವುದು. ಮೊದಲ ದಿನ ಕ್ರಿಯಾಪದ ತಪ್ಪಿದರೆ ತಪ್ಪಲಿ. ಗೈಡಿನ ಎಂಟು ಸಾಲಿನ ನುಣುಪಾದ ಉತ್ತರಕ್ಕಿಂತ ಈ ಮೂರು ಸಾಲು ಮೇಲು. ಇದನ್ನು ಬರೆದ ಮಗು ನಾಳೆ ನಾಲ್ಕನೆಯ ಸಾಲನ್ನು ತಾನೇ ಬರೆಯಬಲ್ಲದು. ಗೈಡು ಉರು ಹೊಡೆದ ಮಗು ನಡುವೆ ಒಂದು ಪದ ಮರೆತರೂ ಅಲ್ಲಿಗೇ ನಿಂತುಬಿಡುತ್ತದೆ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿವೆ. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡವನ್ನು ಹೊಸ್ತಿಲಾಚೆ ಬಿಟ್ಟು ಬರಬೇಕು ಎಂದು ಪೋಷಕರೂ ನಂಬಿದ್ದಾರೆ. ಈ ಸೀಮೆಯ ಚರಿತ್ರೆಯೇ ಅದನ್ನು ಸುಳ್ಳು ಮಾಡುತ್ತದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯ ಶ್ರೀರಂಗಪಟ್ಟಣದಲ್ಲಿ ಓದಿದವರು, ಮುಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆಯನ್ನು ಸಾರಿದ್ದೂ ಈ ಇಂಗ್ಲಿಷ್ ಮೇಷ್ಟ್ರೇ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾವ್ ಕೂಡ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದ ದೊಡ್ಡ ಪ್ರಬಂಧಕಾರರಾದರು. ಈ ಸೀಮೆಯಾಚೆ ನೋಡಿದರೂ, ಕನ್ನಡಕ್ಕೆ ಪ್ರಥಮ ಸ್ಥಾನ ಕೇಳಿದ ವರದಿಯನ್ನು ಕೊಟ್ಟ ವಿ.ಕೃ. ಗೋಕಾಕರೂ ಇಂಗ್ಲಿಷ್ ಪ್ರಾಧ್ಯಾಪಕರೇ, ಅವರ ಇಂಗ್ಲಿಷ್ ಪದ್ಯವನ್ನು ಇದೇ ಹತ್ತನೆಯ ತರಗತಿಯ ಮಕ್ಕಳು ಓದಿದ್ದಾರೆ. ಕನ್ನಡದಲ್ಲಿ ಆಳವಾಗಿ ಓದಿ ಯೋಚಿಸುವ ಅಭ್ಯಾಸವಿದ್ದವರಿಗೆ ಇಂಗ್ಲಿಷ್ ದಕ್ಕಿತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಬರವಣಿಗೆಗೂ ಇದೇ ಮಾತು. ಪುಸ್ತಕ ಮಳಿಗೆಯಿಂದ ಪುಸ್ತಕ ತರಿಸುವ ಪತ್ರವನ್ನೇ ಏಕೆ ವರ್ಷವಿಡೀ ತಿದ್ದಿಸಬೇಕು? ನಾಲೆಯ ಕೊನೆಯ ಗದ್ದೆಗೆ ನೀರು ತಲುಪದ ಬಗ್ಗೆ ಎಂಜಿನಿಯರಿಗೆ, ಶಾಲೆಯ ಹೊತ್ತಿಗೆ ಬಸ್ಸಿಲ್ಲದ ಬಗ್ಗೆ ಡಿಪೊ ಮ್ಯಾನೇಜರಿಗೆ ಮಗು ಬರೆಯಲಿ. ಕಬ್ಬು, ಭತ್ತ, ಆಲೆಮನೆ ಕಂಡ ಮಕ್ಕಳು ಇವರು. ಆಲೆಮನೆಯಲ್ಲಿ ಬೆಲ್ಲ ಆಗುವ ಬಗೆಯನ್ನು ಆರು ವಾಕ್ಯದಲ್ಲಿ ಬರೆಯಲು ಹೇಳಿದರೆ ವಿಷಯಕ್ಕೆ ತಡಕಾಡುವುದಿಲ್ಲ. ತಡಕಾಟ ಪದಗಳಿಗೆ ಮಾತ್ರ, ಅದನ್ನು ಕಲಿಸಬಹುದು.

ಪರೀಕ್ಷೆ ಬೇರೆ ಬಗೆಯಲ್ಲೂ ಇರಬಹುದು. ನಮ್ಮ ಎಸ್ಸೆಸ್ಸೆಲ್ಸಿಯಂತಹ, ಇಂಗ್ಲೆಂಡಿನ ಜಿಸಿಎಸ್‌ಇ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಓದಿಗೆ ಕೊಡುವ ಗದ್ಯವೆಲ್ಲ ಮಕ್ಕಳು ಮೊದಲ ಬಾರಿಗೆ ನೋಡುವಂಥದ್ದು. ಅರ್ಧ ಅಂಕ ಓದಿಗೆ, ಅರ್ಧ ಬರಹಕ್ಕೆ. ಅದು ಇಂಗ್ಲಿಷ್ ಮನೆಮಾತಾಗಿರುವ ನಾಡು, ಹಾಗೇ ನಕಲು ಮಾಡಬೇಕಿಲ್ಲ. ಆದರೆ ಪ್ರಶ್ನೆಪತ್ರಿಕೆ ಏನು ಕೇಳುತ್ತದೋ ತರಗತಿ ಅದನ್ನೇ ಕಲಿಸುತ್ತದೆ ಎಂಬುದು ಎರಡೂ ಕಡೆ ನಿಜ.

ಕರ್ನಾಟಕದಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಕಲಿಸಲು ಶುರುಮಾಡಿದ್ದು 2007ರಲ್ಲಿ. ಹತ್ತು ವರ್ಷ ಒಂದು ಭಾಷೆಯನ್ನು ಓದಿದ ಮಗು ಕೊನೆಗೆ ಎರಡು ತಿಂಗಳ ಪ್ಯಾಕೇಜಿಗೆ ಜೋತುಬೀಳಬೇಕಾಗಿದೆ ಎಂದರೆ ಆ ಹತ್ತು ವರ್ಷ ನಡೆದದ್ದೇನು? ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎಲ್ಲ ವಿಷಯವನ್ನೂ ಒಬ್ಬರೇ ಹೊತ್ತ ಶಿಕ್ಷಕಿ ಅಲ್ಲಿಂದ ಕಲಿತು ಬಂದದ್ದನ್ನು ಯಾವ ಪೀರಿಯಡ್ಡಿನಲ್ಲಿ ಬಳಸಬೇಕು? ತರಬೇತಿಯ ಜೊತೆಗೆ ಅವರಿಗೆ ಸಮಯವನ್ನೂ ಕೊಡಬೇಕು. ಐದನೆಯ ತರಗತಿಯಿಂದ ದಿನಕ್ಕೆ ಹದಿನೈದು ನಿಮಿಷ, ಪಠ್ಯದಲ್ಲಿಲ್ಲದ ಹತ್ತು ಸಾಲು ಓದಿಸುವುದು. ಇದಕ್ಕೆ ಕಟ್ಟಡ ಬೇಡ, ಸ್ಮಾರ್ಟ್ ಬೋರ್ಡ್ ಬೇಡ.

ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಒಂದು ಬೇಡಿಕೆ. ಮುಂದಿನ ಪ್ರಶ್ನೆಪತ್ರಿಕೆಯ ನೀಲನಕ್ಷೆ ತಯಾರಿಸುವಾಗ ಬಾಯಿಪಾಠದ ಪದ್ಯದ ಅಂಕವನ್ನು ಕಾಣದ ಗದ್ಯದ ಓದಿಗೆ ಸೇರಿಸಿ, ಸ್ವಂತ ವಾಕ್ಯದಲ್ಲಿ ಬರೆದ ಮಗುವಿಗೆ ಸಣ್ಣ ತಪ್ಪುಗಳಿದ್ದರೂ ಅಂಕ ಸಿಗುವಂತೆ ಮೌಲ್ಯಮಾಪಕರಿಗೆ ಸೂಚನೆ ಕೊಡಿ. ಈ ಬದಲಾವಣೆಯನ್ನು ಜೂನ್‌ನಲ್ಲೇ ಶಾಲೆಗಳಿಗೆ ತಿಳಿಸಿ. ಜನವರಿಯಲ್ಲಿ ತಿಳಿಸಿದರೆ ಅದಕ್ಕೂ ಒಂದು ಪ್ಯಾಕೇಜ್ ಹುಟ್ಟಿಕೊಳ್ಳುತ್ತದೆ.